ಜ್ವರ ದಾಟುವ ದಾರಿ: ನಿಮ್ಮ ಮನೆಯ ಒಡನಾಟದ ನಕ್ಷೆ ಬರೆದಿಟ್ಟುಕೊಳ್ಳುವುದು ಹೇಗೆ?

2020ರ ಫೆಬ್ರವರಿ 3ರಂದು ದೇಶದ ಮೂರನೇ ಕೋವಿಡ್ ರೋಗಿ ಪತ್ತೆಯಾದದ್ದು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ. ವುಹಾನಿನಿಂದ ಊರಿಗೆ ಬಂದಿದ್ದ ವಿದ್ಯಾರ್ಥಿ. ಕಾಞಂಗಾಡಿನ ಜಿಲ್ಲಾಸ್ಪತ್ರೆಯಲ್ಲಿ ಚಿಕಿತ್ಸೆಯಾಗಿ ಗುಣವಾಯಿತು. ಅಲ್ಲಿಂದ ಮುಂದೆ ಯಾರಿಗೂ ಹರಡಲಿಲ್ಲ. ಮಾರ್ಚ್ ಬಂತು. ಅದೇ ಜಿಲ್ಲೆ, ಅದೇ ಕಾಯಿಲೆ. ಆದರೆ ಕೆಲವೇ ವಾರಗಳಲ್ಲಿ ಕಾಸರಗೋಡಿನ ಹೆಸರು ದೇಶದ ಹಾಟ್‌ಸ್ಪಾಟ್ ಪಟ್ಟಿಗೆ ಸೇರಿತು.

ಎರಡಕ್ಕೂ ಇದ್ದ ದೊಡ್ಡ ವ್ಯತ್ಯಾಸ ಒಡನಾಟದ್ದು. ವುಹಾನಿನಿಂದ ಬಂದವರ ಮೇಲೆ ಆರೋಗ್ಯ ಇಲಾಖೆ ಮೊದಲೇ ಕಣ್ಣಿಟ್ಟಿತ್ತು, ಹಾಗಾಗಿ ಭೇಟಿಯಾದವರ ಪಟ್ಟಿ ಚಿಕ್ಕದಿತ್ತು. ಮಾರ್ಚ್‌ನಲ್ಲಿ ಹಾಗಿರಲಿಲ್ಲ. ರೋಗ ಇದೆ ಅಂತ ಗೊತ್ತಾಗುವ ಹೊತ್ತಿಗೆ ಮನೆ, ನೆಂಟರು, ಪೇಟೆ ಎಲ್ಲ ಆಗಿಹೋಗಿತ್ತು.

ಕೋವಿಡ್‌ನ ಆ ದಿನಗಳು ಮುಗಿದವು. ಆದರೆ ಫ್ಲೂ, ದಡಾರ, ಕೆಪ್ಪಟರಾಯ, ಚಿಕನ್‌ಪಾಕ್ಸ್, ಕ್ಷಯ ಎಲ್ಲವೂ ಈಗಲೂ ಇದೇ ದಾರಿಯಲ್ಲಿ ಓಡಾಡುತ್ತವೆ. ನಿಮ್ಮ ಮನೆಗೆ ಆ ದಾರಿ ಎಲ್ಲಿಂದ ಬರುತ್ತದೆ ಅಂತ ಒಂದು ಸಂಜೆ ಕೂತು ಬರೆದುಕೊಂಡರೆ, ಕಾಯಿಲೆ ಬಂದಾಗ ಗಾಬರಿ ಅರ್ಧ ಕಡಿಮೆಯಾಗುತ್ತದೆ. ಬೇಕಾದದ್ದು ಒಂದು ಹಾಳೆ, ಪೆನ್ನು, ಮತ್ತು ಮನೆಯವರೆಲ್ಲ ಒಟ್ಟಿಗೆ ಸಿಗುವ ಅರ್ಧ ಗಂಟೆ. ಕೊನೆಯದೇ ಕಷ್ಟ.

ಮೊದಲು: ಯಾವ ಕಾಯಿಲೆ, ಯಾವ ದಾರಿ

ಎಲ್ಲ ಜ್ವರಕ್ಕೂ ಈ ನಕ್ಷೆ ಆಗುವುದಿಲ್ಲ. ಡೆಂಗ್ಯೂ, ಮಲೇರಿಯಾ ಸೊಳ್ಳೆಯಿಂದ ಬರುತ್ತವೆ. ಅಲ್ಲಿ ಹುಡುಕಬೇಕಾದದ್ದು ನಿಂತ ನೀರನ್ನು: ಅಡಿಕೆ ಹಾಳೆ, ತೆಂಗಿನ ಚಿಪ್ಪು, ರಬ್ಬರ್ ತೋಟದ ಹಾಲಿನ ಚಿಪ್ಪು, ಫ್ರಿಜ್ಜಿನ ಹಿಂದಿನ ತಟ್ಟೆ. ಇಲಿಜ್ವರ ಬರುವುದು ಇಲಿ ಮೂತ್ರ ಸೇರಿದ ಕೆಸರು ನೀರಿನಿಂದ. ಗದ್ದೆಗೆ ಇಳಿಯುವವರು ಬೂಟು ಹಾಕಬೇಕು, ಕಾಲಿನ ಗಾಯ ಮುಚ್ಚಿಕೊಳ್ಳಬೇಕು. ಡೆಂಗ್ಯೂ ಬಂದವರ ಮನೆಗೆ ಹೋಗದೆ ದೂರ ಇರುವುದು ಸುಮ್ನೆ ಆ ಮನೆಯವರಿಗೆ ನೋವು ಕೊಟ್ಟ ಹಾಗೆ, ಅಷ್ಟೇ.

ಕಾಮಾಲೆಯದ್ದು ಇನ್ನೊಂದು ಬಗೆ. ಹೆಪಟೈಟಿಸ್ ಎ ನೀರು ಮತ್ತು ಊಟದ ಮೂಲಕ ದಾಟುತ್ತದೆ. ಮದುವೆಯಲ್ಲಿ ಬಾಗಿಲಲ್ಲೇ ಕೊಡುವ ಬಣ್ಣದ ಜ್ಯೂಸ್ ಇದೆಯಲ್ಲ, ಅದಕ್ಕೆ ಹಾಕಿದ ನೀರು ಅಥವಾ ಐಸ್ ಕೆಟ್ಟಿದ್ದರೆ, ಒಬ್ಬರ ಮುಖ ಇನ್ನೊಬ್ಬರು ನೋಡದ ನೂರಾರು ಜನರನ್ನು ಅದೊಂದೇ ಡ್ರಮ್ ಒಂದೇ ಸರಪಳಿಗೆ ಕಟ್ಟಿಬಿಡುತ್ತದೆ. ಕಾಯಿಲೆ ಕಾಣಿಸಲು ಎರಡರಿಂದ ಏಳು ವಾರ ಬೇಕು. ಅಷ್ಟು ಹೊತ್ತಿಗೆ ಮದುಮಕ್ಕಳ ಆಲ್ಬಮ್ಮೂ ಬಂದಿರುತ್ತದೆ, ಜ್ಯೂಸಿನ ನೆನಪು ಯಾರಿಗೂ ಇರುವುದಿಲ್ಲ. ಹಾಗಾಗಿ ಕಾಮಾಲೆ ಬಂದರೆ ಮನುಷ್ಯರ ಪಟ್ಟಿಯ ಜೊತೆಗೆ ಹಿಂದಿನ ಏಳು ವಾರದ ಊಟ-ನೀರಿನ ಪಟ್ಟಿಯೂ ಬೇಕು: ಯಾವ ಬಾವಿ, ಯಾವ ಹೋಟೆಲು, ಯಾವ ಜೆಂಬಾರ (ಮದುವೆ-ಉಪನಯನದಂಥ ಸಮಾರಂಭ).

ಕೆಮ್ಮು, ಉಸಿರು, ಮೈ ತಾಗುವುದರಿಂದ ಬರುವ ಕಾಯಿಲೆಗಳಿಗೆ ಮುಂದಿನ ಹೆಜ್ಜೆಗಳು.

ಹಾಳೆಯಲ್ಲಿ ಯಾರನ್ನು ಬರೆಯಬೇಕು

ದಿನಕ್ಕೆ ನಾವು ನೂರು ಜನರನ್ನು ನೋಡುತ್ತೇವೆ ಅನ್ನಿಸಬಹುದು. ಲೆಕ್ಕಕ್ಕೆ ಬರುವವರು ಅಷ್ಟಿಲ್ಲ. ಯುರೋಪಿನ ಎಂಟು ದೇಶಗಳಲ್ಲಿ 7,290 ಜನರಿಗೆ ಡೈರಿ ಕೊಟ್ಟು ಮಾಡಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಎದುರೆದುರು ನಿಂತು ಮಾತಾಡಿದವರು ಅಥವಾ ಮೈ ತಾಗಿದವರು ಸರಾಸರಿ ದಿನಕ್ಕೆ 13.4 ಮಂದಿ ಅಂತ ಅದರಲ್ಲಿ ಸಿಕ್ಕಿತು. ಅತಿ ಹೆಚ್ಚು ಒಡನಾಟ ಶಾಲೆಗೆ ಹೋಗುವ ವಯಸ್ಸಿನವರದ್ದು, ಅದೂ ಹೆಚ್ಚಾಗಿ ತಮ್ಮದೇ ವಯಸ್ಸಿನವರ ಜೊತೆ. ನಮ್ಮ ಕೂಡುಕುಟುಂಬ, ಜಾತ್ರೆ, ಗಿಜಿಗುಡುವ ಬಸ್ಸು ಲೆಕ್ಕ ಹಾಕಿದರೆ ಸಂಖ್ಯೆ ಬೇರೆಯಾದೀತು. ಆದರೆ ಮಕ್ಕಳದ್ದೇ ಜಾಸ್ತಿ ಅನ್ನುವುದು ಯಾವ ತಾಯಿಗೂ ಹೇಳಿಕೊಡಬೇಕಾದ ವಿಷಯ ಅಲ್ಲ.

ಮನೆಯ ಪ್ರತಿಯೊಬ್ಬರಿಗೂ ಒಂದು ವೃತ್ತ ಹಾಕಿ. ಅವರು ಒಂದು ಮಾಮೂಲಿ ದಿನದಲ್ಲಿ ಮಾತಾಡುವಷ್ಟು ಹತ್ತಿರ, ಸುಮಾರು ಕಾಲು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಇರುವವರನ್ನು ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ 'ಬೆಳಗಿನ ಬಸ್ಸಿನ ಕಂಡಕ್ಟರ್' ಅಂತ ಬರೆದರೂ ಸಾಕು. ರಸ್ತೆಯಲ್ಲಿ 'ಏನು, ಊಟ ಆಯ್ತಾ' ಅಂತ ಕೇಳಿ ಹೋದವರು ಬೇಡ. ಮಾಮೂಲಿ ದಿನ ಒಂದು, ಕಾರ್ಯಕ್ರಮ ಇದ್ದ ದಿನ ಒಂದು, ಹೀಗೆ ಎರಡು ಸಲ ಬರೆದರೆ ಚಿತ್ರ ಸರಿಯಾಗಿ ಬರುತ್ತದೆ. ಬಾಗಿಲು-ಕಿಟಕಿ ಮುಚ್ಚಿದ ಜಾಗದ ಭೇಟಿಗೆ ಪಕ್ಕದಲ್ಲಿ ಒಂದು ಚುಕ್ಕೆ ಇಡಿ. ಎಸಿ ಕಾರು, ಎಸಿ ಹಾಲ್, ಮಳೆಗಾಲದಲ್ಲಿ ಶಟರ್ ಎಳೆದ ಬಸ್ಸು, ಎಲ್ಲಕ್ಕೂ ಚುಕ್ಕೆ.

ಸೇತುವೆ ಯಾರು?

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದು. ಸ್ವಲ್ಪ ನಿಧಾನವಾಗಿ ಓದಿ.

ಬದಿಯಡ್ಕ ಕಡೆಯ ಒಂದು ಮನೆ ಅಂದುಕೊಳ್ಳಿ. ವಯಸ್ಸಾದ ಅಜ್ಜಿ ಹೆಚ್ಚಾಗಿ ಚಾವಡಿಯಲ್ಲೇ ಇರುತ್ತಾರೆ. ಮಗನಿಗೆ ಅಡಿಕೆ ತೋಟ, ಸಂಜೆ ಪೇಟೆ. ಸೊಸೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಕುಂಬಳೆಯಿಂದ ದಿನಾ ರೈಲು. ದೊಡ್ಡ ಹುಡುಗಿ ಹೈಸ್ಕೂಲು, ಚಿಕ್ಕವನು ಅಂಗನವಾಡಿ. ಅಡಿಕೆ ಸುಲಿಯಲು ಒಬ್ಬರು ಬರುತ್ತಾರೆ, ವಾರದಲ್ಲಿ ಒಂದು ದಿನ.

ಯಾರಿಂದ ಅಪಾಯ ಜಾಸ್ತಿ ಅಂತ ಕೇಳಿದರೆ ಎಲ್ಲರೂ ಸೊಸೆಯ ಕಡೆ ಬೆರಳು ತೋರಿಸುತ್ತಾರೆ. ಆಸ್ಪತ್ರೆ, ರೈಲು, ನೂರು ಜನ. ಆದರೆ ಆಕೆ ಕೆಲಸದಲ್ಲಿ ಮಾಸ್ಕ್ ಹಾಕುತ್ತಾಳೆ, ಲಸಿಕೆ ಹಾಕಿಸಿಕೊಂಡಿದ್ದಾಳೆ, ಮನೆಗೆ ಬಂದ ಕೂಡಲೇ ಸ್ನಾನ. ಮಗ ಪೇಟೆಯಲ್ಲಿ ಮೂವತ್ತು ಜನರ ಜೊತೆ ಹರಟುತ್ತಾನೆ, ಆದರೆ ಅವರೆಲ್ಲ ದಿನಾ ಅದೇ ಜನ, ಹೆಚ್ಚಾಗಿ ಬಯಲಲ್ಲೇ. ಈಗ ಅಡಿಕೆ ಸುಲಿಯುವವರನ್ನು ನೋಡಿ. ದಿನಕ್ಕೆ ಭೇಟಿ ಐದಾರು ಮಂದಿ ಮಾತ್ರ. ಆದರೆ ಆರು ದಿನ ಆರು ಮನೆ. ಆ ಆರು ಮನೆಗಳಿಗೆ ತಮ್ಮೊಳಗೆ ಬೇರೆ ಹೋಗಿಬರುವ ಬಳಕೆಯೇ ಇಲ್ಲದಿರಬಹುದು. ಒಂದು ಮನೆಯ ಜ್ವರ ಇನ್ನೊಂದು ಮನೆಗೆ ದಾಟಲು ಇರುವ ಒಂದೇ ದಾರಿ ಅವರು. ಅಂಗನವಾಡಿಯ ಪುಟ್ಟನೂ ಹಾಗೆಯೇ. ಹದಿನೈದು ಮನೆಯ ಮಕ್ಕಳ ಜೊತೆ ಉರುಳಾಡಿ ಬಂದು ನೇರ ಅಜ್ಜಿಯ ಮಡಿಲು ಹತ್ತುತ್ತಾನೆ.

ಸಂಖ್ಯೆ ದೊಡ್ಡದಿದ್ದವರೇ ಸೇತುವೆ ಆಗಬೇಕೆಂದಿಲ್ಲ. ಬೇರೆ ಯಾವ ನಂಟೂ ಇಲ್ಲದ ಎರಡು ಗುಂಪುಗಳಿಗೆ ಕಾಲಿಟ್ಟವರು ಸೇತುವೆ. ಆರಾರು ಜನರ ಎರಡು ಮನೆ ತೆಗೆದುಕೊಳ್ಳಿ. ಒಂದೊಂದು ಮನೆಯೊಳಗೆ 15 ಜೋಡಿ, ಒಟ್ಟು 30 ಜೋಡಿ ಒಡನಾಟ. ಎರಡು ಮನೆಗಳ ನಡುವೆ ಒಂದೇ ಒಂದು. ಮನೆಯೊಳಗಿನ ಹತ್ತು ಜೋಡಿಯನ್ನು ಕಷ್ಟಪಟ್ಟು ದೂರ ಇಟ್ಟರೂ ರೋಗಕ್ಕೆ ಬೇರೆ ದಾರಿ ಉಂಟು. ನಡುವಿನ ಆ ಒಂದನ್ನು ಒಂದು ವಾರ ನಿಲ್ಲಿಸಿದರೆ ಎರಡನೇ ಮನೆಯ ಆರು ಜನ ಬಚಾವ್.

ನಿಮ್ಮ ಹಾಳೆಯಲ್ಲಿ ಇಂಥವರ ಸುತ್ತ ಕೆಂಪು ಗೆರೆ ಎಳೆಯಿರಿ. ಅಡುಗೆ ಭಟ್ಟರು ಮತ್ತು ಬಡಿಸುವ ತಂಡ, ಟ್ಯೂಷನ್ ಟೀಚರ್, ಶಾಲೆಯ ವ್ಯಾನ್ ಡ್ರೈವರ್, ಮನೆಗೆ ಬರುವ ಪುರೋಹಿತರು, ಮದ್ರಸದ ಉಸ್ತಾದರು, ಮೀನು ತರುವವರು, ಆಶಾ ಕಾರ್ಯಕರ್ತೆ. ಇನ್ನೊಂದು ಸೂಚನೆ ನಮ್ಮ ಜಿಲ್ಲೆಗೇ ಹೇಳಬೇಕಾದದ್ದು. ಇಲ್ಲಿ ಕನ್ನಡ, ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಮರಾಠಿ ಮಾತಾಡುವವರ ಹೋಗು-ಬರುವು ಬಹಳಷ್ಟು ಅವರವರ ಬಳಗದೊಳಗೇ ಸುತ್ತುತ್ತದೆ. ಎಲ್ಲವನ್ನೂ ಕೂಡಿಸುವುದು ಶಾಲೆ, ಬಸ್ಸು, ಪೇಟೆ, ಆಸ್ಪತ್ರೆ. ಹಾಗಾಗಿ 'ನಮ್ಮ ಜನರಲ್ಲಿ ಯಾರಿಗೂ ಇಲ್ಲ' ಅನ್ನುವ ಧೈರ್ಯಕ್ಕೆ ಅರ್ಥ ಇಲ್ಲ.

ವಾರ್ಡಿನ ಮಟ್ಟದಲ್ಲಿ ಕೆಲಸ ಮಾಡುವವರಿಗೆ ಒಂದು ಉಪಾಯ

ಕುಟುಂಬಶ್ರೀ ಘಟಕ, ವಾರ್ಡ್ ಮೆಂಬರ್, ಯುವಕ ಮಂಡಲದವರು ಇದನ್ನು ಓದುತ್ತಿದ್ದರೆ ಇದು ನಿಮಗೆ. ಇಡೀ ವಾರ್ಡಿನ ನಕ್ಷೆ ಬರೆಯಲು ಯಾರಿಗೂ ಪುರುಸೊತ್ತಿಲ್ಲ. ಬರೆಯುವುದೂ ಬೇಡ.

1991ರಲ್ಲಿ ಸ್ಕಾಟ್ ಫೆಲ್ಡ್ ಎಂಬ ಸಮಾಜಶಾಸ್ತ್ರಜ್ಞ ಒಂದು ವಿಚಿತ್ರ ತೋರಿಸಿದರು: ಸರಾಸರಿ ನೋಡಿದರೆ, ನಮಗಿರುವುದಕ್ಕಿಂತ ನಮ್ಮ ಗೆಳೆಯರಿಗೆ ಗೆಳೆಯರು ಜಾಸ್ತಿ. ನಂಬಿಕೆ ಬರದಿದ್ದರೆ ಲೆಕ್ಕ ಮಾಡಿ. ಒಬ್ಬ ಕಂಡಕ್ಟರ್, ನಾಲ್ವರು ಪ್ರಯಾಣಿಕರು. ನಾಲ್ವರಿಗೂ ಕಂಡಕ್ಟರ್ ಮಾತ್ರ ಪರಿಚಯ, ಕಂಡಕ್ಟರಿಗೆ ನಾಲ್ವರೂ ಪರಿಚಯ. ಸರಾಸರಿ ಪರಿಚಯ 1.6. ಆದರೆ 'ನಿನ್ನ ಪರಿಚಯದವರಿಗೆ ಎಷ್ಟು ಪರಿಚಯ' ಅಂತ ಐವರನ್ನೂ ಕೇಳಿದರೆ ನಾಲ್ವರ ಉತ್ತರ 4, ಕಂಡಕ್ಟರನದ್ದು 1. ಸರಾಸರಿ 3.4.

ಇದರ ಉಪಯೋಗ ಏನು? ಸುಮ್ನೆ ಹತ್ತು ಮನೆಗೆ ಹೋಗಿ 'ನೀವು ವಾರದಲ್ಲಿ ಅತಿ ಜಾಸ್ತಿ ಭೇಟಿಯಾಗುವ ಒಬ್ಬರ ಹೆಸರು ಹೇಳಿ' ಅಂತ ಕೇಳಿ. ಬಂದ ಹೆಸರುಗಳಲ್ಲಿ ಸೇತುವೆಯಂಥವರು ತಾವಾಗಿ ಮೇಲೆ ತೇಲುತ್ತಾರೆ. ಲಸಿಕೆ ಕಡಿಮೆ ಇದ್ದಾಗ ಯಾರೋ ಹತ್ತು ಮಂದಿಗೆ ಕೊಡುವ ಬದಲು ಅವರು ಹೆಸರಿಸಿದವರಿಗೆ ಕೊಟ್ಟರೆ ಹೆಚ್ಚು ತಡೆಯಾಗುತ್ತದೆ ಅಂತ 2003ರಲ್ಲಿ ಭೌತಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. 2009ರ ಹಂದಿಜ್ವರದ ಸಮಯದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ಟಾಕಿಸ್ ಮತ್ತು ಫೌಲರ್ ಇದನ್ನು ಜ್ವರದ ಸುಳಿವು ಹಿಡಿಯಲು ಬಳಸಿದರು. ಯಾದೃಚ್ಛಿಕವಾಗಿ ಆರಿಸಿದ ವಿದ್ಯಾರ್ಥಿಗಳಿಗಿಂತ ಅವರು ಹೆಸರಿಸಿದ ಗೆಳೆಯರಲ್ಲಿ ಫ್ಲೂ ಸುಮಾರು ಎರಡು ವಾರ ಮೊದಲೇ ಏರಿತ್ತು. ನಿಮ್ಮ ವಾರ್ಡಿನಲ್ಲೂ ಆ ಹೆಸರುಗಳವರಿಗೆ ವಾರಕ್ಕೊಂದು ಫೋನ್ ಮಾಡಿ 'ಆರಾಮಾ?' ಅಂತ ಕೇಳಿದರೆ ಊರಿನ ಜ್ವರದ ಸುದ್ದಿ ನಿಮಗೆ ಬೇಗ ಸಿಗುತ್ತದೆ.

ಜನರಷ್ಟೇ ಅಲ್ಲ, ಕೋಣೆಗಳನ್ನೂ ಗುರುತಿಸಿ

ಸಾರ್ಸ್, ಕೋವಿಡ್‌ನಂಥ ಕಾಯಿಲೆ ಎಲ್ಲರಿಂದಲೂ ಒಂದೇ ಸಮ ಹರಡುವುದಿಲ್ಲ. ಬಹಳ ಮಂದಿ ಯಾರಿಗೂ ದಾಟಿಸುವುದಿಲ್ಲ, ಕೆಲವರಿಂದ ಮಾತ್ರ ಹತ್ತಾರು ಜನರಿಗೆ ಹೋಗುತ್ತದೆ. ಆ 'ಕೆಲವರು' ಹೆಚ್ಚಾಗಿ ಒಂದು ಮುಚ್ಚಿದ, ಜನ ತುಂಬಿದ, ಬಹಳ ಹೊತ್ತು ಕೂತ ಜಾಗದಲ್ಲಿ ಇದ್ದವರು. ಅದಕ್ಕೇ ಜಪಾನಿನವರು ಕೋವಿಡ್ ಕಾಲದಲ್ಲಿ ಮೂರು ವಿಷಯ ತಪ್ಪಿಸಿ ಅಂತ ಸಾರಿದರು: ಗಾಳಿ ಆಡದ ಜಾಗ, ಗುಂಪು, ಹತ್ತಿರದ ಮಾತು.

2018ರ ಮೇ ತಿಂಗಳಲ್ಲಿ ಕೋಝಿಕ್ಕೋಡಿನಲ್ಲಿ ನಿಪಾ ಬಂದಾಗ ಹೆಚ್ಚಿನವರಿಗೆ ಅದು ತಗಲಿದ್ದು ಆಸ್ಪತ್ರೆಯಲ್ಲೇ. ರೋಗಿಯ ಪಕ್ಕದ ಹಾಸಿಗೆ, ಸ್ಕ್ಯಾನಿಂಗಿಗೆ ಕಾಯುವ ಓಣಿ, ಆರೈಕೆ. ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ಪ್ರಾಣ ಕಳೆದುಕೊಂಡದ್ದು ಅಂಥ ಆರೈಕೆಯಲ್ಲೇ. ಇದರಿಂದ ಮನೆಯವರು ಕಲಿಯಬೇಕಾದದ್ದು ಒಂದಿದೆ. ಜ್ವರ-ಕೆಮ್ಮಿನ ರೋಗಿಯ ಜೊತೆ ಬೈಸ್ಟ್ಯಾಂಡರ್ ಆಗಿ ಒಬ್ಬರೇ ಇರಲಿ, ದಿನಾ ಅವರೇ ಇರಲಿ. ನಮ್ಮಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ನೆಂಟರು ಜೀಪು ಮಾಡಿಕೊಂಡು ನೋಡಲು ಬರುತ್ತಾರೆ. ಬಾರದಿದ್ದರೆ ಬೇಜಾರು ಬೇರೆ! ಎಳನೀರು, ಮೂಸಂಬಿ ತಂದು ಹತ್ತು ನಿಮಿಷ ಹಾಸಿಗೆ ಪಕ್ಕ ಕೂತು, ಆಮೇಲೆ ಬೇರೆ ಬೇರೆ ಊರಿಗೆ ಹೋಗುತ್ತಾರೆ. ಫೋನ್ ಮಾಡಿ ವಿಚಾರಿಸಿದರೆ ಪ್ರೀತಿ ಕಡಿಮೆಯಾಗುವುದಿಲ್ಲ.

ಇನ್ನು ಕಾರ್ಯಕ್ರಮಗಳು. ರಾತ್ರಿಯಿಡೀ ಬಯಲಲ್ಲಿ ನಡೆಯುವ ಕೋಲ, ತೆಯ್ಯಂ, ಯಕ್ಷಗಾನ ಬಯಲಾಟಕ್ಕೂ ಎಸಿ ಆಡಿಟೋರಿಯಮ್ಮಿನ ಮೂರು ಗಂಟೆಯ ರಿಸೆಪ್ಷನ್ನಿಗೂ ಅಜಗಜಾಂತರ. ಜನ ಬಯಲಾಟಕ್ಕೇ ಹೆಚ್ಚು ಇರಬಹುದು, ಆದರೆ ಗಾಳಿ ಆಡುತ್ತದೆ. ಊರಲ್ಲಿ ಜ್ವರ ಇರುವಾಗ ಜೆಂಬಾರ ಮಾಡಲೇಬೇಕಾದರೆ ಅಂಗಳಕ್ಕೆ ಚಪ್ಪರ ಹಾಕಿ. ಬಡಿಸುವವರಿಗೆ, ಅಡುಗೆಯವರಿಗೆ ಮೊದಲೇ ಹೇಳಿ: ಮೈ ಸರಿ ಇಲ್ಲದಿದ್ದರೆ ಬರುವುದು ಬೇಡ, ಆ ದಿನದ ಸಂಬಳ ಕೊಡುತ್ತೇವೆ. ಈ ಎರಡನೇ ವಾಕ್ಯ ಇಲ್ಲದಿದ್ದರೆ ಮೊದಲನೆಯದಕ್ಕೆ ಬೆಲೆ ಇಲ್ಲ.

ಮನೆಯಲ್ಲಿ ಒಬ್ಬರಿಗೆ ಬಂದೇ ಬಿಟ್ಟರೆ

ಈಗ ಹಾಳೆ ತೆಗೆಯಿರಿ. ಎರಡು ದಿಕ್ಕಿಗೆ ನೋಡಬೇಕು.

ಮುಂದಕ್ಕೆ ಅಂದರೆ, ಇವರಿಂದ ಯಾರಿಗೆ ಹೋಗಿರಬಹುದು? ಇಲ್ಲಿ ದಿನ ಮುಖ್ಯ, ಯಾಕೆಂದರೆ ಬಹಳ ಕಾಯಿಲೆಗಳು ಲಕ್ಷಣ ಕಾಣುವ ಮೊದಲೇ ದಾಟುತ್ತವೆ. ಫ್ಲೂ ಆದರೆ ಜ್ವರ ಬರುವುದಕ್ಕೆ ಒಂದು ದಿನ ಮೊದಲಿನಿಂದ ಲೆಕ್ಕ ಹಿಡಿಯಿರಿ, ಕೋವಿಡ್ ಆದರೆ ಎರಡು ದಿನ. ಚಿಕನ್‌ಪಾಕ್ಸ್‌ಗೆ ಬೊಕ್ಕೆ ಏಳುವ ಒಂದೆರಡು ದಿನ ಮೊದಲಿನಿಂದ ಶುರುವಾಗಿ ಎಲ್ಲ ಬೊಕ್ಕೆ ಒಣಗಿ ಹಕ್ಕಳೆ ಕಟ್ಟುವವರೆಗೆ. ಕೆಪ್ಪಟರಾಯ ಕೆನ್ನೆ ಊದುವ ಒಂದೆರಡು ದಿನ ಮೊದಲಿನಿಂದ ಊದಿ ಐದು ದಿನದವರೆಗೆ. ದಡಾರವೇ ಎಲ್ಲಕ್ಕಿಂತ ಜೋರು: ದದ್ದು ಏಳುವ ನಾಲ್ಕು ದಿನ ಮೊದಲು, ಎದ್ದ ಮೇಲೆ ನಾಲ್ಕು ದಿನ. ರೋಗಿ ಎದ್ದು ಹೋದ ಕೋಣೆಯ ಗಾಳಿಯಲ್ಲೂ ಎರಡು ಗಂಟೆವರೆಗೆ ವೈರಸ್ ಇರಬಲ್ಲದು.

ಆ ದಿನಗಳಲ್ಲಿ ಭೇಟಿಯಾದವರಿಗೆ ಅದೇ ದಿನ ಫೋನ್ ಮಾಡಿ. ಮೊದಲು ಕೆಂಪು ಗೆರೆಯವರಿಗೆ. ನಂತರ ಗರ್ಭಿಣಿಯರು, ಎಳೆ ಮಕ್ಕಳು, ಡಯಾಲಿಸಿಸ್ ಅಥವಾ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಗೆ. ಬೇಗ ಹೇಳುವುದಕ್ಕೆ ಕಾರಣ ಇದೆ: ದಡಾರದ ರೋಗಿಯ ಹತ್ತಿರ ಇದ್ದವರಿಗೆ 72 ಗಂಟೆಯೊಳಗೆ ಲಸಿಕೆ ಸಿಕ್ಕಿದರೆ ತಡೆಯುವ ಅವಕಾಶ ಉಂಟು. ಚಿಕನ್‌ಪಾಕ್ಸ್‌ಗೆ ಮೂರರಿಂದ ಐದು ದಿನ, ಹೆಪಟೈಟಿಸ್ ಎಗೆ ಎರಡು ವಾರ. ಯಾರಿಗೆ ಕೊಡಬಹುದು, ಯಾರಿಗೆ ಬೇಡ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಗರ್ಭಿಣಿಯರಿಗೆ ದಡಾರ, ಚಿಕನ್‌ಪಾಕ್ಸ್ ಲಸಿಕೆ ಕೊಡುವುದಿಲ್ಲ, ಅವರು ಕೂಡಲೇ ಡಾಕ್ಟರನ್ನು ಕೇಳಲಿ.

ಹಿಂದಕ್ಕೆ ಅಂದರೆ, ಇವರಿಗೆ ಎಲ್ಲಿಂದ ಬಂತು? ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಂದದ್ದು ಬಂತು ಅಂತ. ನನ್ನ ಪ್ರಕಾರ ಇದೇ ಹೆಚ್ಚು ಬೆಲೆಯದ್ದು. ಕೆಲವರಿಂದಲೇ ಬಹಳ ಮಂದಿಗೆ ಹರಡುವುದಾದರೆ, ನಿಮ್ಮ ಮನೆಯವರಿಗೆ ತಗಲಿದ ಜಾಗದಲ್ಲೇ ಇನ್ನೂ ಹತ್ತು ಮಂದಿಗೆ ತಗಲಿರುವ ಸಾಧ್ಯತೆ ಜಾಸ್ತಿ. ಕೆಪ್ಪಟರಾಯಕ್ಕೆ ಎರಡರಿಂದ ಮೂರೂವರೆ ವಾರ ಹಿಂದೆ ಹೋಗಿ. ಚಿಕನ್‌ಪಾಕ್ಸ್‌ಗೆ 10ರಿಂದ 21 ದಿನ. ಫ್ಲೂಗೆ ಒಂದರಿಂದ ನಾಲ್ಕು ದಿನ ಸಾಕು. ಫೋನಿನ ಫೋಟೋಗಳು, ಗೂಗಲ್ ಪೇ ಪಟ್ಟಿ, ಕ್ಯಾಲೆಂಡರಿನಲ್ಲಿ ಗೀಚಿದ ಮದುವೆ-ಉಪನಯನ ಎಲ್ಲ ಇದಕ್ಕೆ ಒಳ್ಳೆಯ ಸಾಕ್ಷಿ. ಅಂಥ ಒಂದು ಜಾಗ ಸಿಕ್ಕಿದರೆ ಅಲ್ಲಿದ್ದವರಿಗೂ, ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಕೇರಳದಲ್ಲಿ ದಿಶಾ ಸಹಾಯವಾಣಿ 1056ಕ್ಕೂ ಕರೆ ಮಾಡಬಹುದು.

ಸುತ್ತಲಿನವರನ್ನು ಹುಡುಕಿ ಲಸಿಕೆ ಹಾಕುವ ಈ ವಿಧಾನಕ್ಕೆ ದೊಡ್ಡ ಚರಿತ್ರೆ ಇದೆ. 1966ರ ಕೊನೆಗೆ ನೈಜೀರಿಯಾದಲ್ಲಿ ಸಿಡುಬು ಬಂದಾಗ ವಿಲಿಯಂ ಫೋಗಿ ಎಂಬ ವೈದ್ಯರ ಹತ್ತಿರ ಎಲ್ಲರಿಗೂ ಆಗುವಷ್ಟು ಲಸಿಕೆ ಇರಲಿಲ್ಲ. ಎಲ್ಲೆಲ್ಲಿ ರೋಗ ಇದೆ ಅಂತ ಮಿಷನರಿಗಳ ರೇಡಿಯೋ ಮೂಲಕ ವಿಚಾರಿಸಿ, ರೋಗಿಗಳ ಸುತ್ತಲಿನವರಿಗೆ ಮತ್ತು ರೋಗ ಮುಂದೆ ಹೋಗಬಹುದಾದ ಊರುಗಳಿಗೆ ಮಾತ್ರ ಹಾಕಿದರು. ಹರಡುವುದು ನಿಂತಿತು. ಇದೇ ದಾರಿಯಲ್ಲಿ ಭಾರತದಲ್ಲಿ 1975ರ ಮೇಯಲ್ಲಿ ಕೊನೆಯ ಸಿಡುಬು ರೋಗಿ ಕಂಡರು, 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತ ಅಂತ ಘೋಷಣೆಯಾಯಿತು.

ಕ್ಷಯಕ್ಕೆ ಗಡಿಬಿಡಿ ಇಲ್ಲ, ಆದರೆ ಪಟ್ಟಿ ಬೇಕು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ರೋಗ ಇದೆ ಅಂತಾದರೆ ಒಂದೇ ಸೂರಿನಡಿ ಮಲಗುವ ಎಲ್ಲರಿಗೂ ಪರೀಕ್ಷೆ, ಬೇಕಾದರೆ ತಡೆ ಮದ್ದು. ಬಟ್ಟಲು-ಲೋಟ ಬೇರೆ ಇಟ್ಟರೆ ಪ್ರಯೋಜನ ಇಲ್ಲ, ಅದು ಗಾಳಿಯಲ್ಲಿ ಬರುವ ರೋಗ. ಕಿಟಕಿ ತೆರೆಯಿರಿ.

ಗಡಿಯವರಿಗೆ ಇನ್ನೊಂದು ಕೆಲಸ

ಮಂಜೇಶ್ವರ, ಉಪ್ಪಳ, ಕುಂಬಳೆ, ಪೆರ್ಲ ಕಡೆಯವರ ಹಾಳೆಯಲ್ಲಿ ಅರ್ಧ ವೃತ್ತಗಳು ಕೇರಳ-ಕರ್ನಾಟಕ ಗಡಿಯ ತಲಪಾಡಿಯ ಆಚೆ ಇರುತ್ತವೆ. ಕಾಲೇಜು, ಕೆಲಸ, ದೇರಳಕಟ್ಟೆ-ಮಂಗಳೂರಿನ ಆಸ್ಪತ್ರೆ, ಕೊಟ್ಟ ಮಗಳ ಮನೆ. 2020ರ ಮಾರ್ಚ್‌ನಲ್ಲಿ ಗಡಿಯ ರಸ್ತೆ ಮುಚ್ಚಿದಾಗ ಆ ಗೆರೆಗಳಲ್ಲಿ ಜೀವ ಉಳಿಸುವ ಗೆರೆಗಳೂ ತುಂಡಾದವು. ಮಂಗಳೂರಿಗೆ ಚಿಕಿತ್ಸೆಗೆ ಹೋಗಬೇಕಿದ್ದವರು ಸಿಕ್ಕಿಬಿದ್ದರು, ವಿಷಯ ಕೇರಳ ಹೈಕೋರ್ಟಿಗೂ ಹೋಯಿತು. ಹಾಗಾಗಿ ನಿಮ್ಮ ನಕ್ಷೆಯಲ್ಲಿ ನಿಲ್ಲಿಸಬಹುದಾದ ಗೆರೆ ಯಾವುದು, ನಿಲ್ಲಿಸಲೇಬಾರದ ಗೆರೆ ಯಾವುದು ಅಂತ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಿ. ಡಯಾಲಿಸಿಸ್, ಕೀಮೋ, ಹೆರಿಗೆ ಎರಡನೆಯದು. ಅದಕ್ಕೆ ಈಚೆಯೂ ಒಂದು ಆಸ್ಪತ್ರೆ ಗೊತ್ತಿರಲಿ.

ಆರೋಗ್ಯ ಕಾರ್ಯಕರ್ತರು ಪಟ್ಟಿ ಕೇಳಿದಾಗ ಮಂಗಳೂರಿನ ಹೆಸರುಗಳನ್ನು ಬಿಡಬೇಡಿ, ಬೇರೆ ರಾಜ್ಯ ಅಂತ ಒತ್ತಿ ಹೇಳಿ. ಆ ಕಡೆಯವರಿಗೆ ನೀವೇ ಫೋನೂ ಮಾಡಿ. ಮಲಯಾಳದಲ್ಲಿ ಮಾತ್ರ ಬಂದ ಸೂಚನೆಯನ್ನು ಕನ್ನಡದಲ್ಲಿ ನಾಲ್ಕು ಸಾಲು ಬರೆದು, ಓದಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಿದರೆ ಅಜ್ಜ-ಅಜ್ಜಿಯರಿಗೆ ಅದೇ ದೊಡ್ಡ ಉಪಕಾರ.

ಹೆಸರು ಹೇಳುವಾಗ ಜಾಗ್ರತೆ

ಕೋವಿಡ್ ಕಾಲದಲ್ಲಿ ಇಲ್ಲಿ ರೋಗಿಗಳು ಓಡಾಡಿದ ದಾರಿಯ ನಕ್ಷೆ ಬಹಿರಂಗವಾಗಿ ಬರುತ್ತಿತ್ತು. ಹೆಸರು ಇರಲಿಲ್ಲ. ಆದರೆ ಸಣ್ಣ ಊರಲ್ಲಿ ಹೆಸರು ಬೇಕಾ? ಗಲ್ಫಿನಿಂದ ಬಂದವರನ್ನೆಲ್ಲ ತಪ್ಪಿತಸ್ಥರ ಹಾಗೆ ನೋಡಿದ ದಿನಗಳು ಅವು. ಹೀಗಾದರೆ ಮುಂದಿನವರು ಅರ್ಧ ಪಟ್ಟಿ ಮುಚ್ಚಿಡುತ್ತಾರೆ. ಆ ಅರ್ಧದಲ್ಲೇ ಸೇತುವೆ ಇರುತ್ತದೆ.

ಕೆಂಪು ಗೆರೆಯೊಳಗಿನವರು ಊರಿನ ಕೆಲಸ ನಡೆಸುವವರು ಅನ್ನುವುದು ನೆನಪಿರಲಿ. ಅವರನ್ನು ದೂರ ಇಡುವುದಲ್ಲ, ಅವರಿಗೆ ಮೊದಲು ಕೊಡುವುದು: ಲಸಿಕೆ, ಮಾಸ್ಕ್, ಮೈ ಸರಿ ಇಲ್ಲದ ದಿನ ಸಂಬಳದ ರಜೆ. ಅಡಿಕೆ ಸುಲಿಯುವವರಿಗೆ ಜ್ವರ ಇದ್ದರೆ ಆರು ಮನೆಯವರೂ ಸೇರಿ ಮೂರು ದಿನದ ಕೂಲಿ ಹಂಚಿಕೊಟ್ಟರೆ, ತಲೆಗೆ ಬೀಳುವುದು ಅರ್ಧ ದಿನದ ಕೂಲಿ. ಆರು ಮನೆಯ ಡಾಕ್ಟರ್ ಬಿಲ್ಲಿಗಿಂತ ಅದು ಎಷ್ಟೋ ವಾಸಿ, ಅಲ್ವಾ?

ಮನೆಯ ಹಾಳೆ ಮನೆಯಲ್ಲೇ ಇರಲಿ, ಗ್ರೂಪಿಗೆ ಹಾಕಬೇಡಿ. ಜೂನಿನಲ್ಲಿ ಶಾಲೆ ತೆರೆದ ಮೇಲೆ ಒಮ್ಮೆ, ಅಡಿಕೆ ಸುಲಿತ ಶುರುವಾದಾಗ ಇನ್ನೊಮ್ಮೆ ತಿದ್ದಿ. ಯಾಕೆಂದರೆ ಆಗಲೇ ವೃತ್ತಗಳು ಬದಲಾಗುವುದು. ತಿದ್ದುವಾಗ ಮಕ್ಕಳನ್ನೂ ಕೂರಿಸಿಕೊಳ್ಳಿ. ವ್ಯಾನಿನಲ್ಲಿ ಪಕ್ಕ ಯಾರು ಕೂರುತ್ತಾರೆ ಅಂತ ಅವರಿಗೇ ಗೊತ್ತಿರುವುದು.